ಕಚೇರಿ ಪತ್ರವನ್ನು ಫೋನ್ ಓದಬೇಕೆಂದರೆ ಏನು ಮಾಡಬೇಕು?

ಕುಮಟಾ ಅಕ್ಕೋರು:
ನಾನು ನಿವೃತ್ತ ಶಿಕ್ಷಕಿ, ಕುಮಟಾ ಹತ್ತಿರದ ಹಳ್ಳಿ. ಗ್ಲಾಕೋಮಾದಿಂದ ಕಣ್ಣು ಪೂರ್ತಿ ಹೋಗಿದೆ. ಫೋನಿನ ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಸುದ್ದಿ ಓದುತ್ತೇನೆ, ಕರೆಂಟ್ ಬಿಲ್ ಕಟ್ಟುತ್ತೇನೆ, ಮೊಮ್ಮಗನ ಮೆಸೇಜಿನ ಕಾಗುಣಿತ ತಪ್ಪೂ ಹಿಡಿಯುತ್ತೇನೆ. ಮೊನ್ನೆ ಒಂದು ಕಚೇರಿಯವರು ಅಂಗವಿಕಲರ ಯೋಜನೆಗೆ ಅರ್ಜಿ ಕರೆದು ವಾಟ್ಸಾಪ್ ಗುಂಪಿಗೆ ಪತ್ರ ಹಾಕಿದರು. ಫೋನ್ ಹೇಳಿದ್ದು ‘ಫೋಟೋ’ ಅಂತ, ಅಷ್ಟೇ. ಕೊನೇ ದಿನ ಯಾವುದು, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿನ ಜೊತೆ ಏನೇನು ಕೊಡಬೇಕು, ಎಲ್ಲ ಪಕ್ಕದ ಮನೆ ಹುಡುಗಿಯಿಂದ ಓದಿಸಿಕೊಂಡೆ. ನಮಗೆಂದೇ ಬರೆದ ಪತ್ರ, ನಮಗೇ ಓದಲಿಕ್ಕೆ ಬರುವುದಿಲ್ಲ! ಕೇಳಿದ್ದಕ್ಕೆ ಪಿಡಿಎಫ್ ಕಳಿಸಿದರು. ಅದನ್ನು ಫೋನ್ ‘ಪಿ, ಎ ಗ್ರೇವ್, ಪೌಂಡ್’ ಅಂತ ಓದಿತು. ಯಾಕೆ ಹೀಗೆ? ಕಚೇರಿಯವರ ಹತ್ತಿರ ಏನಂತ ಕೇಳಲಿ?

ಕಾರವಾರದ ಬ್ಯಾಂಕಿನವ:
ಅಕ್ಕೋರೇ, ಅದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನ ಕಿತಾಪತಿ. ಅದರಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಫೈಲಿನ ಒಳಗೆ ಕೂರುವುದು ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡಿನ ಗುರುತು. ತೋರಿಸುವಾಗ ಮಾತ್ರ ಕನ್ನಡ. ನಾನೂ ಕಣ್ಣು ಕಾಣದವನೇ, ಕಂಪ್ಯೂಟರಿನಲ್ಲಿ ಪರದೆ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಬಳಸುತ್ತೇನೆ. ಅದೂ ಹೀಗೇ ಓದುತ್ತದೆ. ಫೈಲಿನ ಒಳಗೂ ಕನ್ನಡ ಅಕ್ಷರವೇ ಕೂರುವ ಯುನಿಕೋಡ್ ಆದರೆ ಈ ಕಾಟ ಇಲ್ಲ.

ಕಾನೂನು ನಮ್ಮ ಪರ ಇದೆ. ಮಾಹಿತಿ ನಮಗೆ ಎಟುಕುವ ರೂಪದಲ್ಲಿ ಇರಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಹೇಳುತ್ತದೆ. ಡಿಜಿಟಲ್ ಸೇವೆ ಸಿಗುವುದು ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ. ಆದರೆ ಸೆಕ್ಷನ್ ಎತ್ತಿದರೆ ಗುಮಾಸ್ತರು ಸುಮ್ನೆ ಸಾಹೇಬರ ಕಡೆ ಕೈ ತೋರಿಸುತ್ತಾರೆ. ‘ಮುಖ್ಯವಾದದ್ದನ್ನು ವಾಟ್ಸಾಪಿನಲ್ಲೇ ಟೈಪ್ ಮಾಡಿ’ ಅನ್ನಿ, ಬೇಗ ಆಗುತ್ತದೆ.

ಶಿರಸಿ ಕಡೆಯ ಪಂಚಾಯತಿ ಆಪರೇಟರ್:
ನಮ್ಮ ಪಾಡೂ ಕೇಳಿ. ಸಹಿ, ಸೀಲು ಇಲ್ಲದ ಪತ್ರವನ್ನು ಊರಲ್ಲಿ ಯಾರೂ ನಂಬುವುದಿಲ್ಲ. ಅದಕ್ಕೇ ಪ್ರಿಂಟ್ ತೆಗೆದು, ಸಹಿ ಹಾಕಿಸಿ, ಫೋಟೋ ಹೊಡೆಯುವುದು. ಈಗೀಗ ನಾನು ಫೋಟೋದ ಕೆಳಗೆ ಯೋಜನೆ ಯಾರಿಗೆ, ಯಾವ ಕಾಗದಪತ್ರ ಬೇಕು, ಕೊನೇ ದಿನ ಯಾವುದು ಎಂದು ಟೈಪ್ ಮಾಡಿ ಹಾಕುತ್ತೇನೆ. ಕಣ್ಣಿದ್ದವರೂ ಅದನ್ನೇ ಜಾಸ್ತಿ ಓದುವುದು! ಹಳೇ ಫೈಲುಗಳನ್ನು ಕನ್ವರ್ಟರಿಗೆ ಹಾಕಿದರೆ ಯುನಿಕೋಡಿಗೆ ಬರುತ್ತವೆ. ಒತ್ತಕ್ಷರ ಅಲ್ಲಲ್ಲಿ ಕೆಡುತ್ತದೆ, ಒಮ್ಮೆ ಓದಿ ತಿದ್ದಬೇಕು. ನಿಮ್ಮ ಪಂಚಾಯತಿಯಲ್ಲಿ ಅಂಗವಿಕಲರ ಕೆಲಸ ನೋಡುವ ಪುನರ್ವಸತಿ ಕಾರ್ಯಕರ್ತರಿಗೂ, ಅಂದರೆ ವಿಆರ್‌ಡಬ್ಲ್ಯೂಗೂ, ಹೇಳಿಡಿ. ಇಂಥ ಮಾಹಿತಿ ಮುಟ್ಟಿಸುವುದೇ ಅವರ ಕೆಲಸ ಅಲ್ವಾ? ತುರ್ತಿದ್ದರೆ ಫೋಟೋವನ್ನು ಅದರಲ್ಲಿನ ಅಕ್ಷರ ಗುರುತಿಸುವ ಗೂಗಲ್ ಲೆನ್ಸಿಗೆ ಕೊಟ್ಟು ನೋಡಿ.

ಕುಮಟಾ ಅಕ್ಕೋರು:
ಲೆನ್ಸಿಗೂ ಕೊಟ್ಟೆ ಮಾರಾಯರೇ. ಸೀಲು ಬಿದ್ದ ಕಡೆ ತಡವರಿಸುತ್ತದೆ, ಸೀಲು ಬೀಳುವುದೂ ಸರಿಯಾಗಿ ತಾರೀಖಿನ ಮೇಲೇ! ವಿಆರ್‌ಡಬ್ಲ್ಯೂಗೆ ಈಗಷ್ಟೇ ವಾಯ್ಸ್ ಮೆಸೇಜ್ ಹಾಕಿದೆ. ಆಪರೇಟರ್ ತಮ್ಮಾ, ನೀವು ಫೋಟೋದ ಕೆಳಗೆ ಬರೆಯುತ್ತೀರಲ್ಲ, ಅದರ ಒಂದು ಮಾದರಿ ಇಲ್ಲಿ ಹಾಕಿ. ನಮ್ಮ ಕಚೇರಿಗೆ ಕಳಿಸುತ್ತೇನೆ. ಸ್ಕ್ರೀನ್‌ಶಾಟ್ ಮಾತ್ರ ಬೇಡ!