ಕಾನಿಯ ಪ್ರೊಪೆಲ್ಲರ್ ಫೋಟೋದಲ್ಲಿ ನಿಂತೇಬಿಡುತ್ತದೆ, ಶಟರ್ ಇಳಿಸಿದರೆ ವಿಮಾನವೇ ಮಸುಕು. ಸಹಾಯ ಬೇಕು

ಸಿಡ್ನಿ_ಕ್ಲಿಕ್

ಎಲ್ಲರಿಗೂ ನಮಸ್ಕಾರ. ಸಿಡ್ನಿಯಿಂದ ದಕ್ಷಿಣಕ್ಕೆ ಆಲ್ಬಿಯನ್ ಪಾರ್ಕ್‌ನಲ್ಲಿ ಹಾರ್ಸ್ ಎಂಬ ಸಂಸ್ಥೆಯ ಮ್ಯೂಸಿಯಂ ಇದೆ. ಪೂರ್ತಿ ಹೆಸರು ಹಿಸ್ಟಾರಿಕಲ್ ಏರ್‌ಕ್ರಾಫ್ಟ್ ರೆಸ್ಟೋರೇಷನ್ ಸೊಸೈಟಿ. ಅಲ್ಲಿರುವ ಲಾಕ್‌ಹೀಡ್ ಸೂಪರ್ ಕಾನ್‌ಸ್ಟೆಲೇಷನ್ ವಿಮಾನ ಅಂದ್ರೆ ನನಗೆ ಪ್ರಾಣ. ಎಲ್ಲರೂ ಅದನ್ನು ಕಾನಿ ಎಂದೇ ಕರೆಯುತ್ತಾರೆ. ಒಂದು ಕಾಲದಲ್ಲಿ ಅಮೆರಿಕದ ವಾಯುಪಡೆಯಲ್ಲಿತ್ತು. ಆಮೇಲೆ ಅರಿಜೋನಾದ ಟಕ್ಸನ್‌ನಲ್ಲಿ ಬಿಸಿಲಿಗೆ ನಿಂತಿತ್ತು. ಸ್ವಯಂಸೇವಕರು ವರ್ಷಗಟ್ಟಲೆ ದುಡಿದು ಸರಿಮಾಡಿ, 1996ರಲ್ಲಿ ಆಸ್ಟ್ರೇಲಿಯಾಕ್ಕೆ ಹಾರಿಸಿಕೊಂಡು ಬಂದರು.

ಹೋದ ಸಲ ನಾಲ್ಕೂ ಎಂಜಿನ್ ಚಾಲೂ ಮಾಡಿ ಟ್ಯಾಕ್ಸಿ ಮಾಡಿಸಿದರು, ಅಂದ್ರೆ ನೆಲದ ಮೇಲೆ ನಿಧಾನವಾಗಿ ಓಡಿಸಿದರು. ಮೊದಲು ಐಎಸ್ಒ 100, ಎಫ್/5.6, ಶಟರ್ 1/800 ಸೆಕೆಂಡಿನಲ್ಲಿ ತೆಗೆದೆ. ಒಂದೊಂದು ರಿವೆಟ್ಟೂ ಕಾಣುತ್ತದೆ, ಆದರೆ ಪ್ರೊಪೆಲ್ಲರ್ ಮಾತ್ರ ಶೆಡ್‌ನಲ್ಲಿ ನಿಂತಹಾಗಿದೆ. ಆಮೇಲೆ 1/60ಕ್ಕೆ ಇಳಿಸಿದೆ. ಬೆಳಕು ಜಾಸ್ತಿಯಾಗಿ ಲೆನ್ಸ್‌ನ ತೂತು ಎಫ್/22ಕ್ಕೆ ಮುಚ್ಚಿಕೊಂಡಿತು. ನಲವತ್ತು ಫ್ರೇಮಲ್ಲಿ ಒಂದೂ ನೆಟ್ಟಗಿಲ್ಲ, ಆಕಾಶದ ತುಂಬಾ ಕಪ್ಪು ಚುಕ್ಕೆ. ಕೆಲವದರಲ್ಲಿ ಬ್ಲೇಡ್ ಕುಡುಗೋಲಿನ ಹಾಗೆ ಬಾಗಿದೆ! ಲೆನ್ಸ್ 100–400, ಕ್ಯಾಮೆರಾ ಮಿರರ್‌ಲೆಸ್. ಏನು ತಪ್ಪು ಮಾಡ್ತಿದ್ದೀನಿ?

ಯಲಹಂಕ_ರೇಡಿಯಲ್

ಬಾಗಿದ ಬ್ಲೇಡ್‌ನಿಂದ ಶುರು ಮಾಡೋಣ. ಸೈಲೆಂಟ್ ಶಟರ್ ಆನ್ ಇತ್ತಾ? ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆನ್ಸರ್ ಸಾಲು ಸಾಲಾಗಿ ಓದುತ್ತದೆ. ಮೇಲಿನ ಸಾಲು ಓದಿ ಕೆಳಗಿನದಕ್ಕೆ ಬರುವಷ್ಟರಲ್ಲಿ ಬ್ಲೇಡ್ ಮುಂದೆ ಹೋಗಿರುತ್ತದೆ. ಅದಕ್ಕೇ ಕುಡುಗೋಲು. ಮೆಕ್ಯಾನಿಕಲ್ ಶಟರ್‌ಗೆ ಬದಲಾಯಿಸಿ.

ಇನ್ನು ಶಟರ್ ವೇಗ. ಕಾನಿಯ ರೈಟ್ ಆರ್-3350 ಎಂಜಿನ್‌ಗೂ ಪ್ರೊಪೆಲ್ಲರ್‌ಗೂ ಮಧ್ಯೆ ಗೇರ್ ಇದೆ. ಎಂಜಿನ್ 16 ಸುತ್ತು ಸುತ್ತಿದರೆ ಪ್ರೊಪೆಲ್ಲರ್ 7 ಸುತ್ತು. ಅಷ್ಟು ದೊಡ್ಡ ಪ್ರೊಪೆಲ್ಲರ್ ಎಂಜಿನ್ ವೇಗದಲ್ಲೇ ತಿರುಗಿದರೆ ಅದರ ತುದಿ ಶಬ್ದದ ವೇಗವನ್ನೇ ದಾಟುತ್ತದೆ. ಅದಕ್ಕೆ ಈ ಏರ್ಪಾಡು.

ಟ್ಯಾಕ್ಸಿಯಲ್ಲಿ ಎಂಜಿನ್ 1000 ಆರ್‌ಪಿಎಂ (ನಿಮಿಷಕ್ಕೆ 1000 ಸುತ್ತು) ಅಂದುಕೊಳ್ಳಿ. ಪ್ರೊಪೆಲ್ಲರ್ ಸುಮಾರು 440, ಅಂದ್ರೆ ಸೆಕೆಂಡಿಗೆ ಏಳು ಸುತ್ತು ಚಿಲ್ಲರೆ. 1/800ರಲ್ಲಿ ಬ್ಲೇಡ್ ಸರಿಯುವುದು 3 ಡಿಗ್ರಿ ಮಾತ್ರ. ನಿಂತಹಾಗೆ ಕಾಣದೆ ಇನ್ನೇನು! 1/60ರಲ್ಲಿ 44 ಡಿಗ್ರಿ, 1/30ರಲ್ಲಿ 87. ಮೂರು ಬ್ಲೇಡ್ ಇರುವುದರಿಂದ ತುಂಬಿದ ಚಕ್ರ ಬೇಕಾದರೆ 120 ಡಿಗ್ರಿ ಆಗಬೇಕು. ಟೇಕಾಫ್‌ನಲ್ಲಿ ಎಂಜಿನ್ 2900 ಆರ್‌ಪಿಎಂ ಇದ್ದರೆ 1/60ರಲ್ಲೇ ಅದು ಸಿಗುತ್ತದೆ. 1/125ರಲ್ಲಿ ಅರ್ಧ.

ಅಂದ್ರೆ ವಿಮಾನ ನಿಧಾನ ಇದ್ದಾಗಲೇ ಶಟರ್ ಇನ್ನೂ ನಿಧಾನ ಬೇಕು. ಜಾಸ್ತಿ ಜನ ಎಡವುವುದು ಇಲ್ಲೇ. ಏರೋ ಇಂಡಿಯಾದಲ್ಲಿ ವಾಯುಪಡೆಯ ಹಳೇ ಪ್ರೊಪೆಲ್ಲರ್ ವಿಮಾನ ಡಕೋಟಾ ‘ಪರಶುರಾಮ’ ತೆಗೆಯುವಾಗ ನಾನೂ ಜೆಟ್‌ಗೆ ಇಟ್ಟ 1/1600 ಬದಲಾಯಿಸದೆ ತೆಗೆದೆ. ಒಂದು ಇಡೀ ಹಾರಾಟ ಹಾಳಾಯಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮೂರುಕಾಲು

ಎಫ್/22 ಬಿಡಿ. ಅಷ್ಟು ಮುಚ್ಚಿದರೆ ಚಿತ್ರ ಮೆತ್ತಗಾಗುತ್ತದೆ, ಸೆನ್ಸರ್ ಮೇಲಿನ ಧೂಳೆಲ್ಲ ಚುಕ್ಕೆಯಾಗಿ ಕಾಣುತ್ತದೆ. ಮೂರು ಸ್ಟಾಪ್‌ನ ಎನ್‌ಡಿ ಫಿಲ್ಟರ್ ಹಾಕಿ, ಅದು ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸುವ ಕಪ್ಪು ಗಾಜು. ಅದೇ ಬಿಸಿಲಲ್ಲಿ 1/60, ಎಫ್/8 ಹತ್ತಿರ ನಿಲ್ಲುತ್ತೆ.

ಸಿಡ್ನಿ_ಕ್ಲಿಕ್

ಸೈಲೆಂಟ್ ಶಟರ್ ಆನ್ ಇತ್ತು. ಮದುವೆಯಲ್ಲಿ ಇಟ್ಟಿದ್ದು ಹಾಗೇ ಉಳಿದಿತ್ತು. ಫಿಲ್ಟರ್ ತಗೊಂಡೆ. ಮನೆ ಮುಂದೆ ಬಸ್ಸುಗಳ ಮೇಲೆ ಪ್ರಯತ್ನ ಮಾಡಿದೆ. ಇನ್ನೂ ಮಸುಕು.

ಯಲಹಂಕ_ರೇಡಿಯಲ್

ಲೆನ್ಸ್ 400 ಎಂಎಂನಲ್ಲಿ ಹಿಡಿದಿದ್ದೀರಿ ಅಲ್ವಾ? 150ಕ್ಕೆ ಬನ್ನಿ, ಹತ್ತಿರ ನಿಲ್ಲಿ. ಕೈ ನಡುಕ ತಡೆಯುವ ಸ್ಟೆಬಿಲೈಸೇಷನ್ ಪ್ಯಾನಿಂಗ್ ಮೋಡ್‌ನಲ್ಲಿರಲಿ (ಪ್ಯಾನಿಂಗ್ ಅಂದ್ರೆ ವಿಮಾನದ ಜೊತೆಗೇ ಕ್ಯಾಮೆರಾ ತಿರುಗಿಸುವುದು). ಕಾಲನ್ನು ಪ್ಯಾನಿಂಗ್ ಮುಗಿಯುವ ದಿಕ್ಕಿಗೆ ಊರಿ, ಸೊಂಟದಿಂದ ಮೇಲೆ ಮಾತ್ರ ತಿರುಗಿ. ಫೋಕಸ್ ಪಾಯಿಂಟ್ ಕಾಕ್‌ಪಿಟ್ ಕಿಟಕಿ ಮೇಲೆ ಕೂರಿಸಿ ಅದನ್ನು ಬಿಡಬೇಡಿ. ಬಟನ್ ಒತ್ತಿದ ಮೇಲೂ ತಿರುಗುತ್ತಲೇ ಇರಿ. ನಾವು ಒತ್ತಿದ ತಕ್ಷಣ ಕೈ ನಿಲ್ಲಿಸುತ್ತೇವೆ, ಮಸುಕು ಬರುವುದು ಅಲ್ಲಿಂದಲೇ.

ಮೊದಲು 1/250ರಲ್ಲಿ ನಾಲ್ಕಾರು ತೆಗೆದಿಟ್ಟುಕೊಳ್ಳಿ. ಆಮೇಲೆ 1/125, ಕೊನೆಗೆ 1/60. ಇಪ್ಪತ್ತಕ್ಕೆ ಒಂದು ಬಂದರೆ ಬಹಳ ಆಯಿತು.

ಎಂಜಿನ್ ಚಾಲೂ ಆಗುವಾಗ ತಪ್ಪಿಸಿಕೊಳ್ಳಬೇಡಿ. ಕಾನಿಯದು ರೇಡಿಯಲ್ ಎಂಜಿನ್, ಸಿಲಿಂಡರ್‌ಗಳು ಸುತ್ತಲೂ ವೃತ್ತದಲ್ಲಿರುತ್ತವೆ. ನಿಂತಿದ್ದಾಗ ಕೆಳಗಿನ ಸಿಲಿಂಡರ್‌ಗಳಿಗೆ ಎಣ್ಣೆ ಇಳಿದಿರುತ್ತದೆ, ಹೊತ್ತಿಕೊಂಡಾಗ ಬಿಳಿ ಹೊಗೆ ಬುಸ್ಸೆನ್ನುತ್ತದೆ. ವಿಮಾನ ನಿಂತಿರುವುದರಿಂದ ಟ್ರೈಪಾಡ್ ಹಾಕಿ ಆರಾಮಾಗಿ 1/15 ಇಡಬಹುದು.

ಬಜ್ಪೆ_ಆವ್ರೋ

ಇದನ್ನು ಓದಿ ಒಂದು ವಿಷಯ ಹೊಳೆಯಿತು. ಅಪ್ಪ ಎಪ್ಪತ್ತರ ದಶಕದಲ್ಲಿ ಬಜ್ಪೆಯಲ್ಲಿ ತೆಗೆದ ಆವ್ರೋ ವಿಮಾನದ ಸ್ಲೈಡ್‌ಗಳು ನನ್ನ ಹತ್ತಿರ ಇವೆ. ಕಾನ್ಪುರದಲ್ಲಿ ಎಚ್‌ಎಎಲ್ ಕಟ್ಟಿದ ವಿಮಾನ. ಎಲ್ಲದರಲ್ಲೂ ಪ್ರೊಪೆಲ್ಲರ್ ಚೆಂದಾಗಿ ತಿರುಗುತ್ತಿದೆ. ಯಾಕೆಂದರೆ ಫಿಲ್ಮ್ ಕೊಡಾಕ್ರೋಮ್ 25, ಅಂದ್ರೆ ಐಎಸ್ಒ 25 ಮಾತ್ರ. ಬಿಸಿಲಲ್ಲೂ ಎಫ್/8 ಇಟ್ಟರೆ 1/100ಕ್ಕಿಂತ ಜಾಸ್ತಿ ಹೋಗುವ ಹಾಗೇ ಇರಲಿಲ್ಲ. ನೀವೀಗ ಫಿಲ್ಟರ್ ಹಾಕಿ ಪಡೆಯುವುದನ್ನು ಆ ನಿಧಾನ ಫಿಲ್ಮ್ ತಾನಾಗಿ ಕೊಡುತ್ತಿತ್ತು.

ಹಳೇ ಸ್ಲೈಡ್ ಇರುವವರಿಗೆ ಒಂದು ಮಾತು. ಕೊಡಾಕ್ರೋಮ್ ಸ್ಕ್ಯಾನ್ ಮಾಡುವಾಗ ಇನ್‌ಫ್ರಾರೆಡ್ ಧೂಳು ತೆಗೆಯುವ ಆಯ್ಕೆ ಆಫ್ ಮಾಡಿ. ಆ ಫಿಲ್ಮ್‌ನ ಕಪ್ಪು ಭಾಗಗಳನ್ನೂ ಅದು ಧೂಳು ಅಂದುಕೊಳ್ಳಬಹುದು. ನನ್ನ ಒಂದು ಸ್ಕ್ಯಾನ್‌ನಲ್ಲಿ ಎರಡು ಬ್ಲೇಡ್ ತಿಂದುಹಾಕಿತ್ತು. ಧೂಳು ಬ್ಲೋವರ್‌ನಿಂದ ಊದಿ, ಉಳಿದದ್ದನ್ನು ಕೈಯಲ್ಲೇ ಸರಿಮಾಡಿ. ಕರಾವಳಿಯವರು ಸ್ಲೈಡ್‌ಗಳನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಒಂದು ಮಳೆಗಾಲ ಸಾಕು, ಬೂಸ್ಟು ಹಿಡಿದುಬಿಡುತ್ತದೆ.

ಸಿಡ್ನಿ_ಕ್ಲಿಕ್

ನಿನ್ನೆ ಮತ್ತೆ ಹೋಗಿದ್ದೆ. ಮೆಕ್ಯಾನಿಕಲ್ ಶಟರ್, ಎನ್‌ಡಿ ಫಿಲ್ಟರ್, 150 ಎಂಎಂ, 1/60. ಒಟ್ಟು 112 ಫ್ರೇಮ್, ನಾಲ್ಕು ಚೆನ್ನಾಗಿ ಬಂದಿವೆ. ಒಂದರಲ್ಲಿ ಮೂರನೇ ಎಂಜಿನ್‌ನ ಹೊಗೆ ರೆಕ್ಕೆಯ ಮೇಲೆ ಹಾದು ಹಿಂದೆ ಹೋಗುತ್ತಿದೆ. ನಾಲ್ಕೂ ಪ್ರೊಪೆಲ್ಲರ್‌ಗಳ ತುದಿಯ ಹಳದಿ ಬಣ್ಣ ಬಳೆಯ ಚೂರಿನ ಹಾಗೆ ಎಳೆದಿದೆ. ಕಾಕ್‌ಪಿಟ್ ಕಿಟಕಿಯಲ್ಲಿ ಪೈಲಟ್‌ನ ಹೆಡ್‌ಸೆಟ್ ಕೂಡ ಸ್ಪಷ್ಟ. ಬ್ಲೇಡ್ ಒಂದೂ ಬಾಗಿಲ್ಲ.

ಸಮಸ್ಯೆ ಬಗೆಹರಿಯಿತು ಎಂದು ಗುರುತು ಹಾಕುತ್ತಿದ್ದೇನೆ. ಬಜ್ಪೆಯವರೇ, ಆ ಆವ್ರೋ ಸ್ಲೈಡ್ ಒಂದನ್ನು ಇಲ್ಲಿ ಹಾಕ್ತೀರಾ? ನೋಡಲೇಬೇಕು.