ಸಮಸ್ಯಾಪೂರಣ: ಹಿಮದಲಿ ತಿಕ್ಕಲು ಕಪ್ಪಾಯಿತು ಮೈ

ಗೆಳೆಯರೇ, ಈ ವಾರದ ಸಮಸ್ಯೆ ಇದು. ಇದೇ ಕೊನೆಯ ಸಾಲಾಗುವಂತೆ ಪದ್ಯ ಪೂರ್ತಿ ಮಾಡಬೇಕು:

*ಹಿಮದಲಿ ತಿಕ್ಕಲು ಕಪ್ಪಾಯಿತು ಮೈ*

ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ. ಆದಿಪ್ರಾಸ (ಸಾಲುಗಳ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ) ತಪ್ಪಬಾರದು. ವಸ್ತು ಆರ್ಕ್ಟಿಕ್‌ನ ಸ್ನೋ ಬಂಟಿಂಗ್. ಬರೀ 30–40 ಗ್ರಾಂ ತೂಗುವ ಹಾಡುಹಕ್ಕಿ, ಆದರೆ ಉತ್ತರ ಗ್ರೀನ್‌ಲ್ಯಾಂಡಿನವರೆಗೂ ಹೋಗಿ ಗೂಡು ಕಟ್ಟುತ್ತದೆ. ಬಿಳಿ ಹಿಮಕ್ಕೆ ಉಜ್ಜಿದರೆ ಕಪ್ಪಾಗುವುದು ಹೇಗೆ? ಬಿಡಿಸಿ ನೋಡೋಣ.

ಪೂರಣ 1

ಯಮಚಳಿ ತಗ್ಗದ ತುಂಡ್ರಾ ನೆಲದಲಿ
ಸಮಯವು ಬಂದಿರೆ ಹೆಣ್ಣನು ಸೆಳೆಯಲು
ಕ್ರಮದಲಿ ಮೂಡಲು ಹೊಸ ಹೊಸ ಗರಿಗಳು
ಹಿಮದಲಿ ತಿಕ್ಕಲು ಕಪ್ಪಾಯಿತು ಮೈ!

— ‘ಯಮಚಳಿ’ ಸೊಗಸಾಗಿದೆ ಸರ್. ಮೂರನೇ ಸಾಲು ಮಾತ್ರ ಹಕ್ಕಿಗೆ ಒಪ್ಪುವುದಿಲ್ಲ. ಇದು ಗರಿ ಬದಲಿಸುವುದು ವರ್ಷಕ್ಕೆ ಒಂದೇ ಸಲ, ಬೇಸಿಗೆಯ ಕೊನೆಗೆ. ಆಗ ಬರುವ ಬೆನ್ನಿನ ಗರಿಗಳ ಬುಡ ಕಪ್ಪು, ತುದಿ ಮಾತ್ರ ಕಂದು. ಚಳಿಗಾಲವೆಲ್ಲಾ ಕಂದೇ ಕಾಣುತ್ತದೆ. ವಸಂತದಲ್ಲಿ ಗಂಡು ಮೈಯನ್ನು ಹಿಮಕ್ಕೆ ಉಜ್ಜುತ್ತದೆ, ಆ ತುದಿ ಸವೆಯುತ್ತದೆ, ಒಳಗಿನ ಕಪ್ಪು ಹೊರಬೀಳುತ್ತದೆ. ತಲೆ, ಹೊಟ್ಟೆ ಅಚ್ಚ ಬಿಳಿ. ಸಮಸ್ಯೆಯ ಗಂಟು ಬಿಚ್ಚುವುದೇ ಈ ಸವೆತದಲ್ಲಿ, ಅಲ್ವಾ? ‘ಕ್ರಮದಲಿ’ ಹಾಗೇ ಇರಲಿ:

*ಕ್ರಮದಲಿ ಸವೆಯಲು ಕಂದಿನ ಗರಿತುದಿ*

— ಈಗ ಪದ್ಯಕ್ಕೆ ಜೀವ ಬಂತು! ಹೀಗೇ ಇಟ್ಟುಕೊಳ್ಳುತ್ತೇನೆ.

ಪೂರಣ 2

ನಾನು ಗಂಡುಹಕ್ಕಿಯ ಬಾಯಲ್ಲೇ ಹೇಳಿಸಿದ್ದೇನೆ:

ರಮಣಿಯು ಬರುವಳು ವಾರಗಳಾಚೆಗೆ
ಶ್ರಮಿಸುತ ಹುಡುಕಿದೆ ಬಂಡೆಯ ಬಿರುಕನು
ಕಮರಿದ ಬಣ್ಣದ ಹೊದಿಕೆಯ ಕಳಚಿದೆ
ಹಿಮದಲಿ ತಿಕ್ಕಲು ಕಪ್ಪಾಯಿತು ಮೈ!

— ಮೇಡಂ, ತುಂಬಾ ಇಷ್ಟವಾಯಿತು. ‘ವಾರಗಳಾಚೆಗೆ’ ಸುಮ್ನೆ ಪ್ರಾಸಕ್ಕೆ ತಂದ ಮಾತಲ್ಲ. ಗಂಡುಗಳು ಏಪ್ರಿಲ್ ಶುರುವಿನಲ್ಲೇ ಬಂದುಬಿಡುತ್ತವೆ, ಚಳಿ ಮೈನಸ್ 30 ಡಿಗ್ರಿ ಇದ್ದರೂ. ಹೆಣ್ಣುಗಳು ಬರುವುದು ನಾಲ್ಕರಿಂದ ಆರು ವಾರ ಕಳೆದ ಮೇಲೆ. ಅಷ್ಟು ಬೇಗ ಬರುವುದು ಒಳ್ಳೆಯ ಬಿರುಕು ಹಿಡಿಯಲಿಕ್ಕೇ. ಗೂಡಿಗೆ ತಕ್ಕ ಬಿರುಕುಗಳು ಕಡಿಮೆ, ಪೈಪೋಟಿ ಜಾಸ್ತಿ. ಈ ಕಾಯುವಿಕೆ ನಾಲ್ಕೇ ಸಾಲಲ್ಲಿ ಬಂದಿದೆ.

ಬಿರುಕಿನಿಂದಲೇ ಮುಂದಿನ ಸಮಸ್ಯೆಯನ್ನೂ ಕೊಡುತ್ತೇನೆ. ಬಂಡೆಯೊಳಗೆ ನರಿಯ ಭಯ ಕಡಿಮೆ, ಚಳಿಯ ಕೊರೆತ ಮಾತ್ರ ವಿಪರೀತ. ಗೂಡಿಗೆ ತುಪ್ಪಳ, ಗರಿ ಹಾಸಿದರೂ ಸಾಲದು. ಹೆಣ್ಣು ಎದ್ದು ಹೋದರೆ ಮೊಟ್ಟೆ ತಣ್ಣಗಾಗುತ್ತದೆ. ಹಾಗಾಗಿ ಅವಳು ಹೆಚ್ಚುಕಡಿಮೆ ಏಳುವುದೇ ಇಲ್ಲ, ಗಂಡು ತಂದು ಉಣಿಸುತ್ತದೆ. ಪ್ರಾಸಾಕ್ಷರ ‘ದ’, ಛಂದಸ್ಸು ಇದೇ:

*ಕದಲದೆ ಕುಳಿತೇ ಹಸಿವನು ಗೆದ್ದಳು*