ಹಾಲು ಸಾಲದು ಅಂತ ಈಗಲೇ ತೀರ್ಮಾನಿಸಬೇಡ, ಪುಟ್ಟೀ

ಪುಟ್ಟೀ, ಅತ್ತೆ ಮಾತನಾಡುವುದು. ಮನೆಯ ಗುಂಪಿನಲ್ಲಿ ನಿನ್ನ ಮೆಸೇಜು ಈಗಷ್ಟೇ ನೋಡಿದೆ, ಕೆಳಗೆ ಉಳಿದವರು ಹಾಕಿದ್ದನ್ನೂ ನೋಡಿದೆ. ಮಗುವಿಗೆ 11 ದಿನ. ಸಂಜೆ ಆರಕ್ಕೆ ಅಳು ಶುರುವಾದರೆ ಹತ್ತರವರೆಗೂ ನಿಲ್ಲುವುದಿಲ್ಲ, ಎದೆ ಬಿಡುವುದೇ ಇಲ್ಲ, ನನಗೆ ಹಾಲೇ ಇಲ್ಲವೋ ಏನೋ ಅಂದಿದ್ದೀ. ದೊಡ್ಡಮ್ಮ ಜೇನಿನಲ್ಲಿ ಬಜೆ ತೇದು ನೆಕ್ಕಿಸಿ ಅಂದಿದ್ದಾರೆ. ಅಣ್ಣ ಪೇಟೆಯಿಂದ ಹಾಲಿನ ಪುಡಿಯ ಡಬ್ಬ ತರುತ್ತೇನೆ ಅಂದಿದ್ದಾನೆ. ಅಣ್ಣಾ, ಒಂದು ದಿನ ತಡಿ. ನಾನು ಹೇಳುವುದನ್ನು ಪೂರ್ತಿ ಕೇಳಿ, ಸ್ವಲ್ಪ ಉದ್ದವಾಗುತ್ತದೆ.

ಅಳು ಕೇಳಿ ಹಾಲು ಎಷ್ಟಿದೆ ಅಂತ ಹೇಳಲು ಆಗುವುದಿಲ್ಲ, ಮಗಾ. ಒದ್ದೆ ಬಟ್ಟೆ ಎಣಿಸಬೇಕು. ಈ ವಯಸ್ಸಿನ ಮಗು ದಿನಕ್ಕೆ ಆರು ಸಲಕ್ಕಿಂತ ಕಡಿಮೆ ಇಲ್ಲದೆ ಉಚ್ಚೆ ಹೊಯ್ಯಬೇಕು, ಅದರ ಬಣ್ಣ ತಿಳಿಯಾಗಿರಬೇಕು. ಹೇಲು ಸಾಸಿವೆ ಅರೆದ ಹಾಗೆ ಹಳದಿಯಾಗಿ, ನೀರುನೀರಾಗಿ ಇದ್ದರೆ ಅದು ಭೇದಿಯಲ್ಲ, ಎದೆಹಾಲು ಕುಡಿಯುವ ಮಕ್ಕಳದ್ದು ಹಾಗೆಯೇ. ಡಯಾಪರ್ ಹಾಕಿದರೆ ಈ ಲೆಕ್ಕ ಸಿಗುವುದಿಲ್ಲ. ಎರಡು ದಿನ ಹಳೆಯ ಸೀರೆಯ ತುಂಡನ್ನೇ ಕಟ್ಟು, ಒದ್ದೆಯಾದ ಹಾಗೆ ಕ್ಯಾಲೆಂಡರಿನಲ್ಲಿ ಒಂದೊಂದು ಗೆರೆ ಹಾಕು.

ಇನ್ನೊಂದು ತೂಕ. ಹುಟ್ಟುವಾಗ 2 ಕಿಲೋ 900 ಗ್ರಾಂ, ಮನೆಗೆ ಬರುವಾಗ 2 ಕಿಲೋ 700 ಅಂದಿದ್ದೆ ಅಲ್ವಾ? ಮೊದಲ ದಿನಗಳಲ್ಲಿ ಅಷ್ಟು ಇಳಿಯುವುದು ಸಾಮಾನ್ಯ, ಹೆಚ್ಚಿನ ಮಕ್ಕಳದ್ದೂ ಸ್ವಲ್ಪ ಇಳಿಯುತ್ತದೆ. ಏಳನೇ ದಿನ ಆಶಾ ಕಾರ್ಯಕರ್ತೆ ಬಂದು ತೂಗಿದಾಗ 2 ಕಿಲೋ 750. ಅಂದರೆ ಏರಲು ಶುರುವಾಗಿದೆ. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಆಶಾ ಹೇಗೂ 14ನೇ ದಿನ ಪುನಃ ಬರಬೇಕು, ಆಮೇಲೆ 21, 28, 42ಕ್ಕೆ. ಬಾರದಿದ್ದರೆ ಫೋನು ಮಾಡಿ ಕರೆಯಿರಿ, ಸಂಕೋಚ ಬೇಡ. ಅಂಗನವಾಡಿಯಲ್ಲಿ 22 ವರ್ಷ ಮಕ್ಕಳನ್ನು ತೂಗಿದವಳು ನಾನು, ತಕ್ಕಡಿಯನ್ನು ನಂಬು.

ಸಂಜೆ ಹೊತ್ತು ಹೀಗೆ ಬಿಡದೆ ಕುಡಿಯುವುದು ಈ ವಾರಗಳಲ್ಲಿ ತುಂಬಾ ಮಕ್ಕಳಿಗೆ ಇದೆ. ಅದರ ಹೊಟ್ಟೆ ಎಷ್ಟು ಸಣ್ಣದು ಗೊತ್ತಾ? ಆಗಾಗ ಕೇಳಿಯೇ ಕೇಳುತ್ತದೆ. ದಿನಕ್ಕೆ 8ರಿಂದ 12 ಸಲ ಕುಡಿಸಬೇಕು, ರಾತ್ರಿಯೂ ಸೇರಿ. ಮಗು ಎಷ್ಟು ಎಳೆಯುತ್ತದೋ ಅಷ್ಟು ಹಾಲು ಮತ್ತೆ ಆಗುತ್ತದೆ. ನಡುವೆ ಪುಡಿ ಹಾಲು ಕೊಟ್ಟರೆ ಹೊಟ್ಟೆ ತುಂಬಿ ಮಲಗುತ್ತದೆ, ಎದೆಯನ್ನು ಎಳೆಯುವುದು ಕಡಿಮೆ, ಹಾಲೂ ಕಡಿಮೆ. ಮರುದಿನ ಇನ್ನೊಂದು ಚಮಚ ಜಾಸ್ತಿ ಪುಡಿ. ನನಗೆ ಆದದ್ದು ಇದೇ. ನಮ್ಮ ದೊಡ್ಡವನಿಗೆ 12 ದಿನ ಆಗುವಾಗ ಬಂದವರೆಲ್ಲ ಹಾಲು ಸಾಲದು, ಸಾಲದು ಅಂದರು. ಬಾಟಲಿ ಬಂತು. ಎರಡು ತಿಂಗಳು ತುಂಬುವ ಮೊದಲೇ ನನ್ನ ಎದೆ ಒಣಗಿತು. ಅವನ ತೂಕ ಸರಿಯಾಗಿಯೇ ಏರುತ್ತಿತ್ತು, ಒಬ್ಬರೂ ತೂಗಿ ನೋಡಲಿಲ್ಲ. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ. ನಿನಗೆ ಹಾಗಾಗಬಾರದು.

ಗುಂಪಿನಲ್ಲಿ ಗಂಡಸರೂ ಇದ್ದಾರೆ, ಇರಲಿ, ಅವರಿಗೂ ತಿಳಿಯಬೇಕು. ತೊಟ್ಟು ಒಡೆದಿದೆ, ನೋವು ಅಂದೆಯಲ್ಲ, ಮಗು ತೊಟ್ಟಿನ ತುದಿಯನ್ನು ಮಾತ್ರ ಹಿಡಿಯುತ್ತಿದೆ ಅಂತ ಕಾಣುತ್ತದೆ. ಬಾಯಿ ದೊಡ್ಡದಾಗಿ ತೆರೆಯುವವರೆಗೆ ಕಾದು, ಮಗುವನ್ನೇ ಎದೆಗೆ ತಂದುಕೊ. ನೀನು ಬಗ್ಗಬೇಡ, ಸೊಂಟ ಹೋಗುತ್ತದೆ. ಅದರ ಹೊಟ್ಟೆ ನಿನ್ನ ಹೊಟ್ಟೆಗೆ ತಾಗಿರಬೇಕು, ಗದ್ದ ಎದೆಗೆ ಒತ್ತಿರಬೇಕು, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಸರಿಯಾಗಿ ಹಿಡಿದರೆ ನುಂಗುವ ಸದ್ದು ಕೇಳುತ್ತದೆ, ನೋವೂ ಇಳಿಯುತ್ತದೆ. ಕುಡಿದಾದ ಮೇಲೆ ನಿನ್ನ ಹಾಲಿನದ್ದೇ ಒಂದು ಹನಿ ತೊಟ್ಟಿಗೆ ಸವರಿ ಒಣಗಲು ಬಿಡು.

ದೊಡ್ಡಮ್ಮಾ, ಬೇಸರ ಮಾಡಬೇಡಿ. ನಮ್ಮನ್ನೆಲ್ಲ ಎತ್ತಿ ಆಡಿಸಿದವರು ನೀವು. ಆದರೆ ಒಂದು ವರ್ಷದವರೆಗೆ ಜೇನು ಬೇಡವೇ ಬೇಡ. ಅದರಲ್ಲಿರಬಹುದಾದ ಒಂದು ಕ್ರಿಮಿ ದೊಡ್ಡವರಿಗೆ ಏನೂ ಮಾಡುವುದಿಲ್ಲ, ಎಳೆಮಗುವಿನ ಕರುಳಲ್ಲಿ ಬೆಳೆದು ವಿಷ ಬಿಟ್ಟು ಕೈಕಾಲಿನ ಬಲವನ್ನೇ ತೆಗೆಯುತ್ತದೆ. ಬಜೆಯೂ ಬೇಡ, ಸಕ್ಕರೆ ನೀರೂ ಬೇಡ. ಆರು ತಿಂಗಳವರೆಗೆ ಬರೀ ಎದೆಹಾಲು ಸಾಕು, ನೀರು ಕೂಡ ಅದರಲ್ಲಿಯೇ ಇದೆ. ಡಾಕ್ಟರು ಬರೆದುಕೊಟ್ಟ ವಿಟಮಿನ್ ಡಿ ಹನಿ ಬಿಡಬೇಡಿ, ಅದು ಬೇರೆ. ಕಣ್ಣಿಗೆ ಕಾಡಿಗೆ ಬೇಡ, ಹೊಕ್ಕುಳಿಗೆ ಎಣ್ಣೆ ಪುಡಿ ಏನೂ ಬೇಡ, ಒಣಗಿ ತಾನೇ ಬೀಳುತ್ತದೆ. ಸ್ನಾನ ಮಾಡಿಸಿ, ಮೂಗಿಗೆ ಕಿವಿಗೆ ಮಾತ್ರ ಎಣ್ಣೆ ಬಿಡಬೇಡಿ.

ಅತ್ತಿಗೇ, ನಿಮ್ಮ ಹತ್ತಿರ ಒಂದು ಮಾತು. ಬಾಳಂತಿಗೆ ನೀರು ಕಡಿಮೆ ಕೊಡಬೇಕು ಅಂತ ನಮ್ಮಲ್ಲಿ ಹಳೆಯ ಕ್ರಮ ಇದೆ. ಅದನ್ನು ಬಿಟ್ಟುಬಿಡಿ. ಪ್ರತಿ ಸಲ ಹಾಲು ಕೊಡಲು ಕುಳಿತಾಗ ಪಕ್ಕದಲ್ಲಿ ಒಂದು ಚೆಂಬು ಬಿಸಿನೀರು ಇಡಿ. ಮೆಂತೆ ಗಂಜಿ ಒಳ್ಳೆಯದೇ, ಅದರ ಜೊತೆ ಬಸಳೆ, ನುಗ್ಗೆ ಸೊಪ್ಪು, ಹೆಸರು, ತೆಂಗಿನಕಾಯಿ ಎಲ್ಲ ತಿನ್ನಲಿ. ಮಗು ಮಲಗಿದಾಗ ಅವಳನ್ನೂ ಮಲಗಿಸಿ. ನೋಡಲು ಬಂದವರಿಗೆ ಚಾ ಮಾಡಲು ಅವಳು ಏಳುವುದು ಬೇಡ.

ಈಗ ಹೇಳುವುದು ಎಲ್ಲರಿಗೂ. ಮಗು ಎದೆ ಹಿಡಿಯದೆ ಸೋತು ಮಲಗಿದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ನಿಮಿಷಕ್ಕೆ 60 ಸಲಕ್ಕಿಂತ ಜಾಸ್ತಿ ಉಸಿರಾಡಿದರೆ, ಎದೆಗೂಡು ಒಳಗೆ ಹೋದರೆ, ಫಿಟ್ಸ್ ಬಂದರೆ, ಅಂಗೈ ಅಂಗಾಲು ಹಳದಿಯಾದರೆ ಹೊತ್ತು ನೋಡಬೇಡಿ, ಹೊರಡಿ. ಹಳದಿಗೆ ಬಿಸಿಲು ತೋರಿಸುತ್ತಾ ಕೂರಬೇಡಿ, ಮಳೆಗಾಲದಲ್ಲಿ ಬಿಸಿಲಾದರೂ ಎಲ್ಲಿದೆ? ಮಂಗಳೂರಿಗೇ ಹೋಗಬೇಕು ಅಂತ ಕಾಯದೆ ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ, 108ಕ್ಕೆ ಫೋನು ಮಾಡಿ.

ತೂಕ ನಿಜವಾಗಿ ಏರದೆ ಡಾಕ್ಟರೇ ಪುಡಿ ಹಾಲು ಕೊಡಿ ಅಂದರೆ ಕೊಡೋಣ ಪುಟ್ಟೀ, ಅದರಲ್ಲಿ ನಿನ್ನ ತಪ್ಪು ಏನೂ ಇಲ್ಲ. ಆಗಲೂ ಬಾಟಲಿ ಬೇಡ, ತೊಳೆದು ಕುದಿಸಿದ ಒಳಲೆಯಲ್ಲಿ, ಅದೇ ಮಕ್ಕಳಿಗೆ ಹಾಲು ಕುಡಿಸುವ ಮೂತಿಯ ಬಟ್ಟಲಲ್ಲಿ, ಕೊಡೋಣ. ಅಜ್ಜಿಯ ಬೆಳ್ಳಿ ಒಳಲೆ ನನ್ನ ಹತ್ತಿರವೇ ಇದೆ.

ಕೇರಳದ ಆಸ್ಪತ್ರೆ ಅಲ್ವಾ, ಕಾರ್ಡು ಮಲಯಾಳದಲ್ಲಿದೆ, ಸಿಸ್ಟರ್ ಗಡಿಬಿಡಿಯಲ್ಲಿ ಹೇಳಿದ್ದು ಅರ್ಧ ತಿಳಿಯಲಿಲ್ಲ ಅಂದೆ ಅಲ್ವಾ. ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮ ಮಕ್ಕಳಿಗೆಲ್ಲ ಇದೇ ಕಷ್ಟ. ಕಾರ್ಡಿನ ಫೋಟೋ ಈಗಲೇ ಹಾಕು, ಓದಿ ಹೇಳುತ್ತೇನೆ. ನಾಳೆ ಬೆಳಗಿನ ಬಸ್ಸಿಗೆ ಹೊರಟು ಹತ್ತು ಗಂಟೆಗೆ ಬದಿಯಡ್ಕದಲ್ಲಿ ಇಳಿಯುತ್ತೇನೆ. ಅಣ್ಣಾ, ಬೈಕ್ ಬೇಡ, ರಿಕ್ಷಾ ತೆಗೆದುಕೊಂಡು ಬಾ. ಈ ಆಟಿ ತಿಂಗಳ ಮಳೆಗೆ ನಿಮ್ಮಲ್ಲಿ ಬಟ್ಟೆ ಒಣಗಲಿಕ್ಕಿಲ್ಲ, ಹಳೆಯ ಕಾಟನ್ ಸೀರೆ ಹತ್ತು ಕಟ್ಟಿ ಇಟ್ಟಿದ್ದೇನೆ.